ಅಪ್ಪನ ಹೆಸರಿನ ಜಾಗ ಖಾಲಿ ಇರುವ ಡಾಕ್ಟರ್

ಶ್ರಾವಣದಲ್ಲಿ ಹರ್ತಿಯ ಬಸವೇಶ್ವರ ಜಾತ್ರೆಗೆ ಹೊರಗಿನವರು ಯಾರಾದರೂ ಬಂದು ಕಟ್ಟೆಯ ಮೇಲೆ ಕುಂತರೆ ಮೊದಲು ಒಂದು ಚೆಂಬು ನೀರು ಬರುತ್ತದೆ. ಅದರ ಬೆನ್ನಿಗೇ ಪ್ರಶ್ನೆ ಬರುತ್ತದೆ. ‘ಯಾವೂರಾತ್ರಿ? ಯಾರ ಪೈಕಿ?’ ಬಂದವರ ಹೆಸರು ಕೇಳುವುದು ಮೂರನೆಯದೋ ನಾಲ್ಕನೆಯದೋ. ಅಪ್ಪ ಯಾರು, ಅಜ್ಜ ಯಾರು, ತಾಯಿಯ ತವರು ಯಾವುದು, ಇಷ್ಟು ಗೊತ್ತಾದ ಮೇಲೆಯೇ ಮಾತು ಮುಂದಕ್ಕೆ ಸಾಗುವುದು. ಇದನ್ನು ದೂರು ಅಂತ ಬರೆಯುತ್ತಿಲ್ಲ. ಈ ಒಂದು ಪ್ರಶ್ನೆಯಿಂದ ಎಷ್ಟೋ ಬೀಗತನ ಕೂಡಿವೆ, ದಾರಿ ತಪ್ಪಿ ಬಂದ ಎಷ್ಟೋ ಜನಕ್ಕೆ ರೊಟ್ಟಿ ಸಿಕ್ಕಿದೆ.

ಈ ಸಲ ನಾವು ಬರೆಯುತ್ತಿರುವುದು ಇದೇ ಪ್ರಶ್ನೆಗೆ ಅರವತ್ತು ವರ್ಷಕ್ಕೂ ಮೇಲ್ಪಟ್ಟು ಸರಿಯಾದ ಉತ್ತರ ಕೊಡದೆ ತಿರುಗುತ್ತಿರುವ ಒಬ್ಬನ ಬಗ್ಗೆ. ಅವನು ನಮ್ಮ ಊರಿನವನಲ್ಲ, ಈ ಭೂಮಿಯವನೂ ಅಲ್ಲ. ಕಥೆಯವನು. ‘ಡಾಕ್ಟರ್ ಹೂ’ ಎಂಬುದು ಇಂಗ್ಲೆಂಡಿನ ಬಿಬಿಸಿಯ ಧಾರಾವಾಹಿ. ಹೂ ಅಂದರೆ ಮುಡಿಯುವ ಹೂವಲ್ಲ, ಇಂಗ್ಲಿಷಿನಲ್ಲಿ ‘ಯಾರು’ ಅಂತ. ಹೆಸರೇ ಒಂದು ಪ್ರಶ್ನೆ. ಪತ್ರಿಕೋದ್ಯಮ ಓದುವಾಗ ಹಾಸ್ಟೆಲಿನಲ್ಲಿ ಒಂದೇ ಫೋನಿಗೆ ಮೂರು ತಲೆ ಕೂಡಿಸಿ, ಕೆಳಗೆ ಬರುವ ಇಂಗ್ಲಿಷ್ ಅಕ್ಷರ ಓದಿಕೊಂಡು ನಾವಿದನ್ನು ನೋಡಿದ್ದು. ಅರ್ಧ ತಿಳಿಯುತ್ತಿತ್ತು, ಅರ್ಧ ಊಹೆ.

ಕಥೆಯ ನಾಯಕನಿಗೆ ಡಾಕ್ಟರ್ ಎಂಬುದೇ ಹೆಸರು. ಅವನ ಹತ್ತಿರ ಒಂದು ಯಂತ್ರವಿದೆ, ಟಾರ್ಡಿಸ್ ಅಂತ. ಅದರಲ್ಲಿ ಕುಂತು ಅವನು ಹಿಂದಿನ ಕಾಲಕ್ಕೂ ಹೋಗುತ್ತಾನೆ, ಮುಂದಿನ ಕಾಲಕ್ಕೂ ಹೋಗುತ್ತಾನೆ. ಕಾಲ ದಾಟುವುದು ನಮಗೇನು ಹೊಸದಲ್ಲ. ರೈವತ ರಾಜ ಮಗಳು ರೇವತಿಯನ್ನು ಕರಕೊಂಡು, ಇವಳಿಗೆ ಯೋಗ್ಯ ಗಂಡು ಯಾರು ಅಂತ ಕೇಳಲು ಬ್ರಹ್ಮಲೋಕಕ್ಕೆ ಹೋದ. ಅಲ್ಲಿ ಗಂಧರ್ವರ ಹಾಡು ನಡೆದಿತ್ತು. ಮುಗಿಯಲಿ ಅಂತ ತುಸು ಕಾದ. ಅಷ್ಟರಲ್ಲಿ ಭೂಮಿಯ ಮೇಲೆ 27 ಚತುರ್ಯುಗ ಕಳೆದಿದ್ದವು, ಅವನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಗಂಡುಗಳು, ಅವರ ಮಕ್ಕಳು ಮೊಮ್ಮಕ್ಕಳು ಯಾರೂ ಉಳಿದಿರಲಿಲ್ಲ. ಕಡೆಗೆ ರೇವತಿಯನ್ನು ಬಲರಾಮನಿಗೆ ಕೊಟ್ಟ. ಪುರಾಣ ಕೇಳಿದವರಿಗೆ ಇದು ಗೊತ್ತಿರುವ ಕಥೆಯೇ.

ಟಾರ್ಡಿಸ್ ಹೊರಗಿನಿಂದ ನೋಡಿದರೆ ನೀಲಿ ಬಣ್ಣದ ಒಂದು ಮರದ ಡಬ್ಬಿ. ಹಿಂದೆ ಇಂಗ್ಲೆಂಡಿನ ಬೀದಿಯಲ್ಲಿ ಪೊಲೀಸರಿಗೆ ಫೋನ್ ಮಾಡಲು ಇಂಥ ಡಬ್ಬಿಗಳನ್ನು ನಿಲ್ಲಿಸಿರುತ್ತಿದ್ದರು. ಒಳಗೆ ಹೊಕ್ಕರೆ ಮಾತ್ರ ಅರಮನೆಯಷ್ಟು ಜಾಗ. ಇದು ಹೇಗೆ ಅಂತ ಪಟ್ಟಣದ ಹುಡುಗರು ತಲೆ ಕೆಡಿಸಿಕೊಂಡರೆ ನಮಗೆ ನಗು ಬರುತ್ತಿತ್ತು. ಹಗೇವು ನೋಡಿದವರಿಗೆ ಇದೇನು ಮಹಾ? ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ, ಒಳಗೆ ಚೀಲಗಟ್ಟಲೆ ಜೋಳ.

ಈ ಧಾರಾವಾಹಿಯ ಮೊದಲ ಕಂತು ಬಂದದ್ದು 1963ರ ನವೆಂಬರ್ 23ರ ಶನಿವಾರ. ಹಿಂದಿನ ದಿನವೇ ಅಮೆರಿಕದ ಅಧ್ಯಕ್ಷ ಕೆನಡಿಯ ಕೊಲೆಯಾಗಿತ್ತು, ಜನರ ಗಮನವೆಲ್ಲ ಆ ಕಡೆ. ಅದಕ್ಕೇ ಮುಂದಿನ ಶನಿವಾರ ಎರಡನೆಯ ಕಂತಿನ ಮುಂಚೆ ಮೊದಲನೆಯದನ್ನು ಇನ್ನೊಮ್ಮೆ ತೋರಿಸಿದರು. ಇದನ್ನು ಕಟ್ಟಿದವರ ಪೈಕಿ ಯಾರು ಯಾರು ಅಂತ ನೋಡಿದಾಗ ನಮಗೆ ಖುಷಿಯಾಯಿತು. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್‌ಗೆ ಆಗ 27 ವರ್ಷ. ಗಂಡಸರೇ ತುಂಬಿದ್ದ ಕಚೇರಿಯಲ್ಲಿ ಅಂಥ ಜಾಗಕ್ಕೆ ಬಂದ ಹೆಣ್ಣುಮಗಳು. ನಿರ್ದೇಶಕ ವಾರಿಸ್ ಹುಸೇನ್‌ಗೆ 24. ಅವರು ಹುಟ್ಟಿದ್ದು ನಮ್ಮ ಲಖನೌದಲ್ಲಿ, 1938ರಲ್ಲಿ. 1946ರಲ್ಲಿ ಮನೆಯವರೊಂದಿಗೆ ಇಂಗ್ಲೆಂಡಿಗೆ ಹೋದವರು. ತಾಯಿ ಆತಿಯಾ ಹುಸೇನ್ ಹೆಸರಾಂತ ಲೇಖಕಿ. ಅಂದರೆ ಎಲ್ಲಿಂದಲೋ ಬಂದು ಎಲ್ಲಿಯೋ ನೆಲೆನಿಂತ ಒಬ್ಬನ ಕಥೆಯ ಮೊದಲ ಕಂತನ್ನು ನಿರ್ದೇಶಿಸಿದವರು ಅದೇ ಅನುಭವ ಇದ್ದ ಒಬ್ಬ ಭಾರತೀಯ ತರುಣ.

ಆ ಮೊದಲ ಕಂತು ಶುರುವಾಗುವುದೇ ‘ಯಾರ ಮನೆಯ ಹುಡುಗಿ’ ಎಂಬ ವಿಚಾರಣೆಯಿಂದ. ಲಂಡನ್ನಿನ ಒಂದು ಶಾಲೆಯಲ್ಲಿ ಸುಸಾನ್ ಎಂಬ 15 ವರ್ಷದ ಹುಡುಗಿ. ಕೆಲವು ವಿಷಯದಲ್ಲಿ ಮಾಸ್ತರರಿಗಿಂತ ಜಾಣೆ, ಕೆಲವು ಸಣ್ಣ ವಿಷಯ ಗೊತ್ತೇ ಇಲ್ಲ. ಅವಳ ಮನೆಯ ವಿಳಾಸ ಹುಡುಕಿ ಹೋದರೆ ಅಲ್ಲಿರುವುದು ಗುಜರಿ ಅಂಗಡಿಯ ಅಂಗಳ. ಇಬ್ಬರು ಶಿಕ್ಷಕರು ಕತ್ತಲಲ್ಲಿ ಅವಳ ಹಿಂದೆ ಹೋಗುತ್ತಾರೆ. ಅಲ್ಲಿ ನೀಲಿ ಡಬ್ಬಿ, ಅದರ ಮುಂದೆ ಒಬ್ಬ ಸಿಡುಕು ಮುದುಕ. ಸುಸಾನ್ ಅವನನ್ನು ಅಜ್ಜ ಅನ್ನುತ್ತಾಳೆ. ಅವಳ ಅಪ್ಪ ಯಾರು, ಅವ್ವ ಯಾರು? ಆವತ್ತೂ ಹೇಳಲಿಲ್ಲ, ಟಿವಿಯಲ್ಲಿ ಈವರೆಗೂ ಹೇಳಿಲ್ಲ.

ಈಗ ಆ ಮುದುಕನ ಪಾತ್ರ ಮಾಡಿದವರ ವಿಷಯ. ಇಲ್ಲಿ ಸ್ವಲ್ಪ ನಿಧಾನ ಓದಿರಿ, ಈ ಲೇಖನ ಬರೆಯಲು ಕೂತದ್ದೇ ಇದಕ್ಕಾಗಿ.

ವಿಲಿಯಂ ಹಾರ್ಟ್ನೆಲ್ 1908ರ ಜನವರಿ 8ರಂದು ಲಂಡನ್ನಿನಲ್ಲಿ ಹುಟ್ಟಿದರು. ತಾಯಿ ಲೂಸಿಗೆ ಮದುವೆಯಾಗಿರಲಿಲ್ಲ. ಜನನ ಪತ್ರದಲ್ಲಿ ತಂದೆಯ ಹೆಸರಿನ ಜಾಗ ಖಾಲಿ. ಬಾಲ್ಯದ ಕೆಲವು ದಿನ ಸಾಕುತಾಯಿಯ ಹತ್ತಿರ ಬೆಳೆದರು. ಹದಿಹರೆಯದಲ್ಲಿ ಹ್ಯೂ ಬ್ಲೇಕರ್ ಎಂಬ ಕಲಾ ಸಂಗ್ರಾಹಕರೊಬ್ಬರು ಆಸರೆ ಕೊಟ್ಟರು, ಮುಂದೆ ನಾಟಕದ ದಾರಿ ಹಿಡಿದರು. ದೊಡ್ಡವರಾದ ಮೇಲೆ ತಂದೆ ಯಾರೆಂದು ಹುಡುಕಿದರು, ಸಿಗಲಿಲ್ಲ. ಸಂದರ್ಶನಗಳಲ್ಲಿ ತಮ್ಮ ಹುಟ್ಟಿನ ಬಗ್ಗೆ ಬೇರೆಯದೇ ಕಥೆ ಹೇಳುತ್ತಿದ್ದರು, ಡೆವನ್ ಎಂಬ ಸೀಮೆಯವರು ಎಂದು. 1975ರಲ್ಲಿ ತೀರಿಕೊಂಡರು. ಆ ಖಾಲಿ ಜಾಗ ತುಂಬಲೇ ಇಲ್ಲ.

ಅಂಥವರಿಗೆ 55ನೇ ವಯಸ್ಸಿನಲ್ಲಿ ಸಿಕ್ಕ ಪಾತ್ರ ಯಾವುದು ನೋಡಿರಿ. ಊರು ಹೇಳದ, ಕುಲ ಹೇಳದ, ಹೆಸರೂ ಹೇಳದ ಒಬ್ಬ ಅಜ್ಜ. ಇದು ಬೇಕೆಂದೇ ಮಾಡಿದ ಆಯ್ಕೆಯೇನೂ ಅಲ್ಲ, ಕಾಕತಾಳೀಯ. ಆದರೂ ಇದನ್ನು ಓದಿದ ಮೇಲೆ ಆ ಹಳೆಯ ಕಪ್ಪುಬಿಳುಪು ಕಂತುಗಳಲ್ಲಿ ಯಾರಾದರೂ ‘ನೀನು ಯಾರು’ ಅಂದಾಗ ಅವರು ಗಲ್ಲ ಮೇಲೆತ್ತಿ, ಕೋಟಿನ ಅಂಚು ಹಿಡಿದು, ಮಾತು ತಿರುಗಿಸುವುದನ್ನು ನಾವು ಮೊದಲಿನ ಹಾಗೆ ನೋಡಲು ಆಗಿಲ್ಲ.

ನಮ್ಮ ಬಳಗದಲ್ಲಿ ಒಬ್ಬಳಿಗೆ ಇದು ಇನ್ನೂ ಹತ್ತಿರದ ಸಂಗತಿ. ಅವಳನ್ನು ಬೆಳೆಸಿದ್ದು ತಾಯಿ ಒಬ್ಬಳೇ. ಕೂಲಿ ಮಾಡಿ, ಕಳೆ ತೆಗೆದು, ಮೆಣಸಿನಕಾಯಿ ಬಿಡಿಸಿ. ಪದವಿಗೆ ಸೇರಲು ಹೋದಾಗ ಅರ್ಜಿಯಲ್ಲಿ ತಂದೆಯ ಹೆಸರಿನ ಸಾಲು ಬಿಟ್ಟು ಕೊಟ್ಟಳು. ಕಿಟಕಿಯ ಆಚೆ ಇದ್ದವರು ಅರ್ಜಿ ತಿರುಗಿ ಕೊಟ್ಟರು. ‘ಇದನ್ನ ತುಂಬಿಸಿಕೊಂಡು ಬಾ.’ ಹಿಂದೆ ಸಾಲಿನಲ್ಲಿ ಇಪ್ಪತ್ತು ಜನ. ಏನಾದರೂ ಬರಿ, ತೀರಿಕೊಂಡಾನ ಅಂತ ಬರಿ ಅಂತ ಹಿಂದಿನವರು ಯಾರೋ ಸಲಹೆ ಕೊಟ್ಟರು. ಬದುಕಿರುವವನೋ ಇಲ್ಲವೋ ಗೊತ್ತಿಲ್ಲದವನನ್ನು ಕೊಂದು ಸೀಟು ಪಡೆಯುವುದೇ? ಅವಳು ಆವತ್ತು ತುಂಬಲಿಲ್ಲ, ಮನೆಗೆ ಬಂದಳು. ಮೂರನೆಯ ಸಲ ಹೋದಾಗ ಬೇರೆ ಒಬ್ಬರು ಕೂತಿದ್ದರು, ಏನೂ ಕೇಳದೆ ತೆಗೆದುಕೊಂಡರು. ಇಷ್ಟನ್ನು ಬರೆಯಬಹುದು, ಇದಕ್ಕಿಂತ ಹೆಚ್ಚು ಬೇಡ ಎಂದು ಅವಳೇ ಹೇಳಿದ್ದಾಳೆ.

ಗದಗಿನ ವೀರನಾರಾಯಣ ಗುಡಿಯಲ್ಲಿ ಕುಳಿತು ಕುಮಾರವ್ಯಾಸ ಭಾರತ ಬರೆದ ಅಂತ ಹೆಮ್ಮೆ ಪಡುವ ಸೀಮೆ ನಮ್ಮದು. ಆ ಭಾರತದ ಕರ್ಣನ ಕಥೆ ಏನು? ರಾಜಕುಮಾರರ ಶಸ್ತ್ರವಿದ್ಯೆಯ ಪ್ರದರ್ಶನದಲ್ಲಿ ಅರ್ಜುನನಿಗೆ ಸಮನಾಗಿ ಬಾಣ ಬಿಟ್ಟ. ಬಾಣದಲ್ಲಿ ಸೋಲಿಸಲು ಆಗದವನನ್ನು ಸೋಲಿಸಿದ್ದು ಕೃಪಾಚಾರ್ಯರ ಒಂದು ಪ್ರಶ್ನೆ, ನಿನ್ನ ತಂದೆ ತಾಯಿ ಯಾರು, ಯಾವ ವಂಶ. ಕರ್ಣನ ತಲೆ ಕೆಳಗಾಯಿತು. ಆ ಪ್ರಶ್ನೆಯೂ ಒಂಥರ ಕಿಟಕಿಯ ಆಚೆಯಿಂದ ಬಂದದ್ದೇ.

ಡಾಕ್ಟರನಿಗೆ ಮರಳೋಣ. ಅವನು ತಲೆ ಕೆಳಗೆ ಹಾಕಲಿಲ್ಲ, ಉತ್ತರವನ್ನೂ ಕೊಡಲಿಲ್ಲ. ಕಥೆ ಬೆಳೆಯಿತು. 1966ರಲ್ಲಿ ಹಾರ್ಟ್ನೆಲ್‌ರ ಆರೋಗ್ಯ ಕೆಟ್ಟಿತು. ನಾಯಕನೇ ಹೋದರೆ ಆಟ ಮುಗಿಯಬೇಕಲ್ಲ? ಮುಗಿಸಲಿಲ್ಲ. ಡಾಕ್ಟರ್ ಸಾಯುವ ಹೊತ್ತಿಗೆ ಅವನ ಮೈ ಬದಲಾಗುತ್ತದೆ, ಮುಖ ಹೊಸದು, ಒಳಗಿನವ ಅವನೇ ಎಂದು ಮಾಡಿದರು. ಪ್ಯಾಟ್ರಿಕ್ ಟ್ರೌಟನ್ ಎಂಬ ಇನ್ನೊಬ್ಬ ನಟ ಬಂದ. ನಮ್ಮ ಪಾರಿಜಾತದ ಆಟದಲ್ಲಿ ಕೃಷ್ಣನ ವೇಷ ತಂದೆಯಿಂದ ಮಗನಿಗೆ ಹೋದರೂ ಕೃಷ್ಣ ಕೃಷ್ಣನೇ ಅಲ್ಲವೇ, ಹಾಗೆ. ಅಲ್ಲಿಂದ ಇಲ್ಲಿಯವರೆಗೆ ಎಷ್ಟೋ ಮುಖ ಬಂದವು, ಹೆಣ್ಣು ಮುಖವೂ ಬಂತು.

ಅವನ ಮನೆಯವರ ಬಗ್ಗೆ ಸುದ್ದಿ ಮಾತ್ರ ಹನಿಹನಿಯಾಗಿ ಬಂತು. 1967ರ ಒಂದು ಕಥೆಯಲ್ಲಿ, ತಂದೆಯನ್ನು ಕಳೆದುಕೊಂಡ ಹುಡುಗಿಯೊಬ್ಬಳಿಗೆ ಅವನು ಹೇಳುತ್ತಾನೆ, ನನಗೂ ನನ್ನವರ ನೆನಪಿದೆ, ಬೇಕೆಂದಾಗ ಮಾತ್ರ ಕಣ್ಣ ಮುಂದೆ ಬರುತ್ತಾರೆ, ಉಳಿದ ಹೊತ್ತು ಮನಸ್ಸಿನಲ್ಲಿ ಮಲಗಿರುತ್ತಾರೆ ಎಂದು. 1969ರಲ್ಲಿ ಅವನ ಕುಲದ ಹೆಸರು ಗೊತ್ತಾಯಿತು, ಕಾಲದ ಒಡೆಯರು. ತನ್ನವರ ಬದುಕು ಬೇಸರವಾಗಿ ಯಂತ್ರ ಕದ್ದು ಓಡಿ ಬಂದವನು ಈತ. 1973ರಲ್ಲಿ ಊರಿನ ಹೆಸರು ಗೊತ್ತಾಯಿತು, ಗ್ಯಾಲಿಫ್ರೆ. ಅಂದರೆ ‘ಯಾವೂರಾತ್ರಿ’ ಎಂಬ ಪ್ರಶ್ನೆಗೆ ಉತ್ತರ ಸಿಗಲು ಹತ್ತು ವರ್ಷ ಹಿಡಿಯಿತು. ನಮ್ಮ ಕಟ್ಟೆಯವರು ಇಷ್ಟು ಕಾಯುವವರಲ್ಲ.

ಆಮೇಲೆ ಬರೆಯುವವರು ಬದಲಾದಂತೆ ಹುಟ್ಟಿನ ಕಥೆಯೂ ಬದಲಾಯಿತು. 1996ರ ಸಿನಿಮಾದಲ್ಲಿ, ತಾಯಿಯ ಕಡೆಯಿಂದ ಇವನು ಅರ್ಧ ಮನುಷ್ಯ ಎಂದರು. ಮರುವರ್ಷ ಬಂದ ಒಂದು ಕಾದಂಬರಿಯಲ್ಲಿ ಅದಲ್ಲ, ಗ್ಯಾಲಿಫ್ರೆಯಲ್ಲಿ ಮಕ್ಕಳು ಹುಟ್ಟುವುದೇ ಇಲ್ಲ, ಅವರನ್ನು ಮಗ್ಗದ ಮೇಲೆ ನೇಯುತ್ತಾರೆ ಎಂದರು. ಇದನ್ನು ಓದಿ ನಾವು ಬಹಳ ನಕ್ಕೆವು. ಬೆಟಗೇರಿಯ ನೇಕಾರರ ಓಣಿಯಲ್ಲಿ ಮಗ್ಗದ ಸಪ್ಪಳ ಕೇಳಿದವರಿಗೆ, ಅಲ್ಲಿಂದ ಸೀರೆಯ ಬದಲು ಕೂಸು ಇಳಿದು ಬರುವುದನ್ನು ನೆನೆಸಿಕೊಂಡರೆ ನಗು ಬರದೆ ಇದ್ದೀತೇ? ಆದರೆ ಮಗ್ಗದಿಂದ ಬಂದ ಮಗುವಿಗೆ ಅಪ್ಪನ ಹೆಸರು ಯಾರೂ ಕೇಳಲಾರರು, ಅದೊಂದು ಅನುಕೂಲ.

2014ರ ಒಂದು ಕಂತು ನಮಗೆ ಎಲ್ಲಕ್ಕಿಂತ ಇಷ್ಟ. ಅಲ್ಲಿ ಡಾಕ್ಟರ್ ಪುಟ್ಟ ಹುಡುಗ. ಉಳಿದ ಹುಡುಗರಿಂದ ದೂರ, ಕೊಟ್ಟಿಗೆಯಂಥ ಒಂದು ಕಟ್ಟಡದಲ್ಲಿ ಹೊದ್ದುಕೊಂಡು ಒಬ್ಬನೇ ಅಳುತ್ತಿರುತ್ತಾನೆ. ಅಳುವುದು ಬೇರೆಯವರಿಗೆ ಕೇಳಬಾರದು ಎಂದೇ ಅಲ್ಲಿ ಮಲಗುವುದು. ಒಬ್ಬ ಗಂಡಸು ಒಬ್ಬ ಹೆಂಗಸು ಬಂದು ಅವನ ಬಗ್ಗೆ ಮಾತಾಡುತ್ತಾರೆ. ತಂದೆ ತಾಯಿಯೋ, ಸಾಕಿದವರೋ? ಸ್ಪಷ್ಟ ಹೇಳುವುದಿಲ್ಲ. ಮಂಚದ ಕೆಳಗೆ ಕ್ಲಾರಾ ಅಡಗಿದ್ದಾಳೆ. ಮುಂದೆ ಅವನು ದೊಡ್ಡವನಾದ ಮೇಲೆ ಅವನ ಜೊತೆ ತಿರುಗುವವಳು, ಕಾಲ ದಾಟಿ ಹಿಂದೆ ಬಂದಿದ್ದಾಳೆ. ಅವನ ಕಾಲು ಹಿಡಿದು ನಿಲ್ಲಿಸಿ, ಮಲಗಿಸಿ, ಭಯ ಇರುವುದು ತಪ್ಪಲ್ಲ ಎಂದು ಸಮಾಧಾನ ಮಾಡುತ್ತಾಳೆ. ಅಂಜಿದ ಮಕ್ಕಳನ್ನು ನಮ್ಮ ಅಜ್ಜಿಯರು ತಟ್ಟಿ ಮಲಗಿಸುವುದೂ ಹೀಗೇ.

ಮುಂದೆ 2020ರ ಮಾರ್ಚ್ 1ರಂದು ಬಂದ ಕಂತು ಎಲ್ಲವನ್ನೂ ಬುಡಮೇಲು ಮಾಡಿತು. ಆಗ ಡಾಕ್ಟರ್ ಪಾತ್ರ ಜೋಡಿ ವಿಟಕರ್ ಎಂಬ ನಟಿಯದು. ಡಾಕ್ಟರ್ ಗ್ಯಾಲಿಫ್ರೆಯಲ್ಲಿ ಹುಟ್ಟಿದ ಜೀವವೇ ಅಲ್ಲ ಎಂದು ಅದರಲ್ಲಿ ಹೇಳಿದರು. ಬೇರೊಂದು ಲೋಕದ ಬಾಗಿಲಿನಂಥ ಜಾಗದ ಕೆಳಗೆ ಒಂದು ಮಗು ಒಂಟಿಯಾಗಿ ಸಿಕ್ಕಿತು. ಟೆಕ್ಟೆಯೂನ್ ಎಂಬಾಕೆ ಎತ್ತಿಕೊಂಡು ಬಂದು ಸಾಕಿದಳು. ಒಂದು ದಿನ ಮಗು ಆಡುತ್ತ ಬೆಟ್ಟದಿಂದ ಬಿದ್ದಿತು. ಸಾಯಲಿಲ್ಲ, ಹೊಸ ಮೈ ತಳೆಯಿತು. ಆ ಗುಟ್ಟು ಬೇಕೆಂದು ಸಾಕಿದವಳೇ ಆ ಮಗುವಿನ ಮೇಲೆ ಮತ್ತೆ ಮತ್ತೆ ಪ್ರಯೋಗ ಮಾಡಿದಳು. ಕೊನೆಗೆ ಗುಟ್ಟು ಕಲಿತು ತನ್ನ ಜನಕ್ಕೆ ಹಂಚಿದಳು. ಆ ಮಗುವಿನ ನೆನಪು ಅಳಿಸಿದರು. ಆ ಮಗುವೇ ಡಾಕ್ಟರ್.

ಎಷ್ಟೋ ಅಭಿಮಾನಿಗಳಿಗೆ ಸಿಟ್ಟು ಬಂತು. ನಮ್ಮಲ್ಲೂ ಜಗಳ ಆಯಿತು. ನಮ್ಮಲ್ಲಿ ಇಬ್ಬರು, ಓಡಿ ಬಂದ ಸಾಮಾನ್ಯನೊಬ್ಬನ ಕಥೆಯೇ ಚೆನ್ನಾಗಿತ್ತು, ಅವನನ್ನು ಎಲ್ಲರಿಗಿಂತ ಮೊದಲಿನವ ಮಾಡಿ ದೇವರ ಪೀಠಕ್ಕೆ ಏರಿಸಿಬಿಟ್ಟರು ಅಂದರು. ತಾಯಿಯೊಬ್ಬಳ ಮಗಳು ಮಾತ್ರ ಬೇರೆ ಹೇಳಿದಳು. ‘ಹೆತ್ತವರು ಯಾರು ಅಂತ ಗೊತ್ತಿಲ್ಲದವರನ್ನ ಎತ್ತಿಕೊಂಡವರೆಲ್ಲ ಪ್ರೀತಿಗೇ ಎತ್ತಿಕೊಂಡಿರೋದಿಲ್ಲ. ಅದನ್ನ ತೋರಿಸ್ಯಾರ, ಇರಲಿ.’ ಜಗಳ ಅಲ್ಲಿಗೆ ನಿಂತಿತು.

ಒಬ್ಬನಿಗೇ ಎರಡು ಹುಟ್ಟು ಇರುವುದು ಕನ್ನಡಿಗರಿಗೆ ವಿಚಿತ್ರ ಅನ್ನಿಸಬಾರದು. ಅಲ್ಲಮಪ್ರಭುವನ್ನೇ ನೋಡಿರಿ. ಹರಿಹರ ಬರೆದ ರಗಳೆಯಲ್ಲಿ ಅಲ್ಲಮ ಮದ್ದಳೆ ಬಾರಿಸುವ ತರುಣ. ಕಮಲಲತೆಯನ್ನು ಪ್ರೀತಿಸಿ ಬಾಳುತ್ತಾನೆ, ಅವಳು ಜ್ವರದಿಂದ ಸಾಯುತ್ತಾಳೆ, ದುಃಖದಲ್ಲಿ ಅಲೆಯುತ್ತ ಹೋಗಿ ನೆಲದೊಳಗಿನ ಗುಡಿಯಲ್ಲಿ ಅನಿಮಿಷನನ್ನು ಕಾಣುತ್ತಾನೆ. 15ನೇ ಶತಮಾನದ ಚಾಮರಸ ‘ಪ್ರಭುಲಿಂಗಲೀಲೆ’ಯಲ್ಲಿ ಇದನ್ನು ಒಪ್ಪಲಿಲ್ಲ. ಅವನ ಅಲ್ಲಮ ಹೆಣ್ಣಿನ ಮೋಹಕ್ಕೆ ಸಿಗುವವನೇ ಅಲ್ಲ, ಮಾಯೆ ಬೆನ್ನು ಹತ್ತಿದರೂ ಕೈಗೆ ಸಿಗದವನು. ತಂದೆ ನಿರಹಂಕಾರ, ತಾಯಿ ಸುಜ್ಞಾನಿ. ಇವು ಮನುಷ್ಯರ ಹೆಸರೋ ಗುಣಗಳ ಹೆಸರೋ ನೀವೇ ಹೇಳಿರಿ. ನಮಗೆ ಕೇಳಿದರೆ ಹರಿಹರನ ಅಲ್ಲಮನೇ ಹತ್ತಿರ. ಹೆಂಡತಿ ಸತ್ತಾಗ ಅತ್ತವನು ಗುಹೇಶ್ವರನ ಬಗ್ಗೆ ಮಾತಾಡಿದರೆ ನಂಬಿಕೆ ಬರುತ್ತದೆ.

ಡಾಕ್ಟರನ ಕಥೆ ಬರೆಯುವವರಿಗೂ ಇದು ಹೊಳೆದಿರಬೇಕು. 2023ರ ಕ್ರಿಸ್‌ಮಸ್ ಕಂತಿನಲ್ಲಿ ರೂಬಿ ಎಂಬ ಹುಡುಗಿಯನ್ನು ತಂದರು. ಹುಟ್ಟಿದ ಕೂಸನ್ನು ಚರ್ಚಿನ ಬಾಗಿಲಲ್ಲಿ ಯಾರೋ ಇಟ್ಟು ಹೋಗಿದ್ದರು. ಆಗ ಡಾಕ್ಟರ್ ಪಾತ್ರ ರುವಾಂಡಾದಲ್ಲಿ ಹುಟ್ಟಿ ಸ್ಕಾಟ್ಲೆಂಡಿನಲ್ಲಿ ಬೆಳೆದ ಶೂಟಿ ಗಾಟ್ವಾ ಎಂಬ ನಟನದಾಗಿತ್ತು. ಇಬ್ಬರೂ ಸಿಕ್ಕ ಮಕ್ಕಳು, ಜೋಡಿ ಕೂಡಿತು. ರೂಬಿಯ ತಾಯಿ ಯಾರು, ದೇವತೆಯೋ ರಾಕ್ಷಸಿಯೋ ಎಂದು ಜನ ತಿಂಗಳುಗಟ್ಟಲೆ ತಲೆ ಓಡಿಸಿದರು. 2024ರ ಜೂನ್‌ನಲ್ಲಿ ಉತ್ತರ ಬಂತು. ಯಾರೂ ಅಲ್ಲ. ಹದಿನೈದರ ವಯಸ್ಸಿನಲ್ಲಿ ಹೆತ್ತು, ದಿಕ್ಕು ತೋಚದೆ ಕೂಸನ್ನು ಬಿಟ್ಟು ಹೋದ ಒಬ್ಬ ಸಾಮಾನ್ಯ ಹುಡುಗಿ. ಇಬ್ಬರೂ ಭೇಟಿಯಾಗಿ ಅತ್ತರು. ಇಷ್ಟೇನಾ ಅಂತ ನಿರಾಸೆ ಪಟ್ಟವರೂ ಇದ್ದರು. ನಮಗೆ ಅದೇ ಸರಿ ಅನ್ನಿಸಿತು.

ಇಲ್ಲಿ ಕೆಲಸಕ್ಕೆ ಬರುವ ಒಂದೆರಡು ಮಾತು ಹೇಳಿಬಿಡುತ್ತೇವೆ, ಯಾರಿಗಾದರೂ ಬೇಕಾದೀತು. ತಾಯಿ ಒಬ್ಬಳೇ ಬೆಳೆಸಿದ ಮಕ್ಕಳು ನಮ್ಮ ಕಡೆ ಕಡಿಮೆ ಇಲ್ಲ. ದೇವದಾಸಿ ಬಿಡುವುದನ್ನು ಕರ್ನಾಟಕ 1982ರಲ್ಲೇ ಕಾನೂನಿನಿಂದ ನಿಷೇಧಿಸಿದರೂ ಆ ತಾಯಂದಿರ ಮಕ್ಕಳು ಈ ಪ್ರಶ್ನೆಯನ್ನು ಇಂದಿಗೂ ಎದುರಿಸುತ್ತಾರೆ. 2015ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ಮದುವೆಯಾಗದ ತಾಯಿ ತನ್ನ ಮಗುವಿಗೆ ಪಾಲಕಳಾಗಲು ತಂದೆಯ ಹೆಸರು ಬಹಿರಂಗ ಮಾಡಬೇಕಿಲ್ಲ ಎಂದು ತೀರ್ಪು ಕೊಟ್ಟಿದೆ. ತಾಯಿಯ ಅರ್ಜಿಯ ಮೇಲೆ ಜನನ ಪ್ರಮಾಣಪತ್ರ ಕೊಡಬೇಕು ಎಂದೂ ಹೇಳಿದೆ. ಪಾಸ್‌ಪೋರ್ಟಿಗೆ ತಂದೆ ಅಥವಾ ತಾಯಿ, ಒಬ್ಬರ ಹೆಸರು ಸಾಕು ಎಂದು 2016ರ ಡಿಸೆಂಬರ್‌ನಲ್ಲಿ ನಿಯಮ ಸಡಿಲವಾಯಿತು. ಪ್ಯಾನ್ ಕಾರ್ಡಿಗೆ, ತಾಯಿ ಒಬ್ಬಳೇ ಪಾಲಕಳಾಗಿದ್ದರೆ ತಾಯಿಯ ಹೆಸರಷ್ಟೇ ಕೊಡಬಹುದು, ಇದು 2018ರ ಡಿಸೆಂಬರ್ 5ರಿಂದ ಜಾರಿಯಲ್ಲಿದೆ. ಕಿಟಕಿಯ ಆಚೆ ಕೂತವರು ಅರ್ಜಿ ತಿರುಗಿ ಕೊಟ್ಟರೆ ಜಗಳ ಬೇಡ, ಈ ಮೂರು ವರ್ಷಗಳನ್ನು ಬಾಯಿಪಾಠ ಮಾಡಿಕೊಂಡು ಹೋಗಿ ಸಮಾಧಾನದಿಂದ ಹೇಳಿರಿ.

ಸುಸಾನ್‌ಳ ಕಥೆ ಉಳಿಯಿತು. 1964ರ ಡಿಸೆಂಬರ್ 26ರ ಕಂತಿನಲ್ಲಿ ಅವಳಿಗೆ ಭೂಮಿಯ ಮೇಲೆ ಒಬ್ಬ ತರುಣನ ಮೇಲೆ ಮನಸ್ಸಾಗುತ್ತದೆ. ಅಜ್ಜನನ್ನು ಬಿಟ್ಟಿರಲಾರೆ ಅನ್ನುತ್ತಾಳೆ. ಅಜ್ಜ ಟಾರ್ಡಿಸ್ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ. ಒಳಗಿನಿಂದಲೇ ಮಾತಾಡುತ್ತಾನೆ, ಒಂದು ದಿನ ಮರಳಿ ಬರುತ್ತೇನೆ ಎಂದು ಮಾತು ಕೊಟ್ಟು ಹೋಗುತ್ತಾನೆ. ಆ ಪಾತ್ರ ಮಾಡಿದ ಕ್ಯಾರೊಲ್ ಆ್ಯನ್ ಫೋರ್ಡ್ 1983ರ ಒಂದು ವಿಶೇಷ ಕಂತಿನಲ್ಲಿ ಬಂದು ಹೋದರು. ಮತ್ತೆ 2025ರ ಮೇ ತಿಂಗಳಲ್ಲಿ, 84ನೇ ವಯಸ್ಸಿನಲ್ಲಿ, ಡಾಕ್ಟರನ ಕಣ್ಣ ಮುಂದೆ ಸುಸಾನ್ ಆಗಿ ಕಾಣಿಸಿಕೊಂಡರು. ಈಗ ಮೊಮ್ಮಗಳೇ ಹಣ್ಣು ಮುದುಕಿ, ಅಜ್ಜ ತರುಣ.

ಕಳೆದ ಸುಗ್ಗಿ ಮುಗಿದ ಮೇಲೆ ನಮ್ಮ ಗೆಳತಿಯ ತಾಯಿಗೆ ಈ 1964ರ ಕಂತಿನ ಕೊನೆಯ ಭಾಗವನ್ನು ಫೋನಿನಲ್ಲಿ ತೋರಿಸಿದೆವು. ಮಾತು ಮಾತಿಗೆ ನಿಲ್ಲಿಸಿ ನಾವು ಕನ್ನಡದಲ್ಲಿ ಹೇಳುತ್ತಿದ್ದೆವು. ಅವರು ಮೆಣಸಿನಕಾಯಿ ತೊಟ್ಟು ಮುರಿಯುತ್ತಲೇ ನೋಡಿದರು. ಆ ಮುದುಕ ಯಾರ ಮಗ, ಯಾವ ಊರು, ಏನೂ ಕೇಳಲಿಲ್ಲ. ಬಾಗಿಲು ಹಾಕಿಕೊಂಡದ್ದಕ್ಕೆ ಮಾತ್ರ ಸಿಟ್ಟಾದರು.

‘ಮೊಮ್ಮಗಳನ್ನ ಹಂಗ ನಿಲ್ಲಿಸಿ ಹೋದನಲ್ಲ, ತಿರುಗಿ ಬಂದನೇನು?’

ಟಿವಿಯಲ್ಲಿ ಇನ್ನೂ ಅದನ್ನು ತೋರಿಸಿಲ್ಲ ಎಂದೆವು.

‘ಬಂದ ದಿನ ಹೇಳ್ರಿ, ನೋಡೋಣು’ ಅಂದು ಮರದಲ್ಲಿದ್ದ ಕಾಯಿ ಚೀಲಕ್ಕೆ ಸುರುವಿದರು.